ಅಟ್ಟವೇರಿದ ರಾಜರಾಜೇಶ್ವರಿ

ಮುಂಬಯಿ ಬಳಿಯ ಕಲ್ಯಾಣ, ಡೊಂಬಿವಲಿಯ ಕನ್ನಡಿಗರ ಮನೆಗಳಲ್ಲಿ ಬೆಲೆಬಾಳುವ ಚಿತ್ರ ನೋಡಬೇಕೆಂದರೆ ಗೋಡೆಯತ್ತ ಕಣ್ಣು ಹಾಯಿಸಿ ಪ್ರಯೋಜನವಿಲ್ಲ. ಅಲ್ಲಿರುವುದು ಬ್ಯಾಂಕಿನ ಕ್ಯಾಲೆಂಡರು. ಮೈಸೂರು ಶೈಲಿಯ ರಾಜರಾಜೇಶ್ವರಿ ಮೈತುಂಬ ಪ್ಲಾಸ್ಟಿಕ್ ಸುತ್ತಿಕೊಂಡು, ನಾಲ್ಕು ನುಸಿಗುಳಿಗೆಗಳ ಕಾವಲಿನಲ್ಲಿ, ಅಟ್ಟದ ಮೇಲೆ ಹಳೆಯ ಕುಕ್ಕರಿನ ಪಕ್ಕ ವಿರಾಜಮಾನಳಾಗಿರುತ್ತಾಳೆ. ಹಾಳಾಗಬಾರದಲ್ಲ ಎಂಬುದು ಮನೆಯವರ ವಾದ; ಹಾಳಾಗುವುದೇ ಆ ಭದ್ರತೆಯಿಂದ ಎಂಬುದು ನನ್ನದು. ಮೈಸೂರು ಚಿತ್ರವೆಂದರೆ ಕಾಗದ, ಅಂಟು, ಗೆಸ್ಸೋ ಎಂಬ ಲೇಪ, ಮೇಲೆ ಚಿನ್ನದ ರೇಕು. ಚಿನ್ನವೊಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ತೇವ ಹೀರುವ ಜಾತಿ. ಗಾಳಿಯ ತೇವಾಂಶ ಶೇ. 65-70 ದಾಟಿದರೆ ಬೂಷ್ಟಿಗೆ ಸುಗ್ಗಿ. ಒಂದು ಕಡೆ ಉಲ್ಹಾಸ ನದಿ, ಇನ್ನೊಂದು ಕಡೆ ಸಮುದ್ರದ ಖಾಡಿ ಇರುವ ಈ ಊರುಗಳಲ್ಲಿ ಮಳೆಗಾಲದುದ್ದಕ್ಕೂ ಅಷ್ಟು ತೇವಕ್ಕೆ ಬರವಿಲ್ಲ. ಪ್ಲಾಸ್ಟಿಕ್ಕಾದರೋ ಒಳಹೊಕ್ಕ ತೇವವನ್ನು ಹೊರಗೆ ಬಿಡದಿರುವುದರಲ್ಲಿ ನಿಸ್ಸೀಮ. ನುಸಿಗುಳಿಗೆ ಹುಳುವನ್ನು ಹೆದರಿಸೀತು. ಬೂಷ್ಟು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ.

ಮ್ಯೂಸಿಯಂನವರೂ ಕತ್ತಲಲ್ಲೇ ಇಡುತ್ತಾರಲ್ಲ ಎನ್ನಬಹುದು. ಇಡುತ್ತಾರೆ, ಆದರೆ ಅಲ್ಲಿ ತೇವ ಅಳೆಯುವ ಮೀಟರಿದೆ, ಆಗಾಗ ತೆಗೆದು ನೋಡಲು ಸಂಬಳದ ಜನರಿದ್ದಾರೆ. ನಮ್ಮ ಅಟ್ಟಕ್ಕೆ ಏಣಿ ಇಡುವುದು ದೀಪಾವಳಿಗೆ, ಅದೂ ಆಕಾಶಬುಟ್ಟಿ ಹುಡುಕಲು. ಎಣ್ಣೆಬಣ್ಣದ ಚಿತ್ರಕ್ಕಂತೂ ಕತ್ತಲೇ ಶತ್ರು: ಬಣ್ಣದಲ್ಲಿರುವ ಅಗಸೆ ಎಣ್ಣೆ ಕತ್ತಲಲ್ಲಿ ಹಳದಿಗಟ್ಟುತ್ತದೆ, ಬೆಳಕಿಗೆ ಬಂದರೆ ಸಾಕಷ್ಟು ತಿಳಿಯಾಗುತ್ತದೆ. ಬಿಸಿಲಿಗೆ ಜಲವರ್ಣ ಮಾಸುವುದು ನಿಜ. ಹಾಗಾಗಿ ಕಿಟಕಿಯೆದುರು ಬೇಡ. ಗೋಡೆಯೇ ಲೀಕೇಜ್ ಎಂಬ ಆಕ್ಷೇಪಕ್ಕೆ ಮಾತ್ರ ನಾನು ತಲೆಬಾಗುತ್ತೇನೆ, ಏಕೆಂದರೆ ಸೊಸೈಟಿ ಕಮಿಟಿ ಅದನ್ನು ಸರಿಪಡಿಸುವ ತನಕ ಯಾವ ಚಿತ್ರವೂ ಬಾಳುವುದಿಲ್ಲ. ಬಾತ್‌ರೂಮಿಗೆ ಅಂಟಿರದ ಒಳಗೋಡೆ ಹುಡುಕಿ. ಮಂಚದ ಕೆಳಗೆ ಇಡುತ್ತೇವೆನ್ನುವವರು 2005ರ ಜುಲೈ 26ರ ಮಹಾನೆರೆಯನ್ನು ನೆನೆಯಲಿ. ನೀರು ಮೊದಲು ವಿಚಾರಿಸಿಕೊಳ್ಳುವುದು ನೆಲದಲ್ಲಿದ್ದವರನ್ನೇ.

ಅತಿ ಅಕ್ಕರೆಯ ಅಪಾಯಕ್ಕೆ ಅಜಂತಾ ಸಾಕ್ಷಿ. 1920ರ ದಶಕದ ಆರಂಭದಲ್ಲಿ ನಿಜಾಮರ ಸರಕಾರ ಕರೆಸಿದ ಇಟಲಿಯ ಪರಿಣತರು ಚಿತ್ರಗಳನ್ನು ಉಳಿಸಲೆಂದು ಅರಗಿನ ವಾರ್ನಿಶ್ ಬಳಿದರು. ಅದು ಹಳದಿಗಟ್ಟಿ, ತೆಗೆಯುವುದೇ ಮುಂದಿನವರ ಪಾಲಿನ ಕೆಲಸವಾಯಿತು. ನಮ್ಮ ಮನೆಗಳ ವಾರ್ನಿಶ್ ಎಂದರೆ ಹಬ್ಬದ ಮುನ್ನಾದಿನದ ಒದ್ದೆಬಟ್ಟೆ. ಗೋಂದು ಬೆರೆಸಿದ ಬಣ್ಣ ನೀರಿಗೆ ಕರಗುತ್ತದೆ. ಧೂಳಿನ ಜತೆ ದೇವಿಯ ಮುಗುಳ್ನಗೆಯೂ ಬಟ್ಟೆಗೆ ಬರುತ್ತದೆ.

ಮಳೆಗೆ ಮುಂಚೆ ಚಿತ್ರವನ್ನು ಇಳಿಸಿ, ಚೌಕಟ್ಟಿನ ಹಿಂದೆ ಬೆಂಡಿನ ತುಂಡು ಅಂಟಿಸಿ ಗಾಳಿಯಾಡುವಂತೆ ತೂಗುಹಾಕಿ. ಬೂಷ್ಟು ಕಂಡರೆ ಉಜ್ಜಬೇಡಿ; ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಾಸ್ತು ಸಂಗ್ರಹಾಲಯದಲ್ಲಿ ಸಂರಕ್ಷಣಾ ಕೇಂದ್ರವಿದೆ, ವಿಚಾರಿಸಿ. ಬೆಳಗಿನ 8ರ ಲೋಕಲ್ಲಿನಲ್ಲಿ ಮಾತ್ರ ಒಯ್ಯಬೇಡಿ. ಬೂಷ್ಟು ಬಿಟ್ಟುಕೊಟ್ಟದ್ದು ಠಾಣೆ ತಲುಪುವಷ್ಟರಲ್ಲಿ ಮುಗಿದಿರುತ್ತದೆ.