ಮಾಂತ್ರಿಕನಿಗೆ ನಿದ್ದೆ ಬಂದಾಗ

ಅಕ್ಕನ ಮಗ ನನ್ನನ್ನು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟಕ್ಕೆ ಕೂರಿಸಿದ್ದು ಆಳು ಸಾಲದೆ. “ಮಾವ, ನೀನು ಫೈಟರ್ ಆಗು. ಕತ್ತಿ ಬೀಸೋದು ಅಷ್ಟೇ, ಸುಲಭ” ಅಂದ. ಜೀವಮಾನವಿಡೀ ಬ್ಯಾಂಕಿನಲ್ಲಿ ವೋಚರ್ ಬರೆದವನಿಗೆ ಕತ್ತಿ ಸಿಗುವುದೆಂದರೆ ಬಡ್ತಿಯೇ ಸರಿ. ಒಪ್ಪಿಕೊಂಡೆ.

ಎದುರಿಗೆ ಅವನ ಗೆಳೆಯ, ಮಂತ್ರ ಹಾಕುವ ವಿಝರ್ಡ್. ಪಕ್ಕದಲ್ಲಿ ಅವರ ಕಾಲೇಜಿನ ಹುಡುಗಿ, ಗಾಯ ವಾಸಿ ಮಾಡುವ ಕ್ಲೆರಿಕ್. ನಮ್ಮ ಹುಡುಗ ಡಂಜನ್ ಮಾಸ್ಟರ್, ಅಂದರೆ ಯಕ್ಷಗಾನದ ಭಾಗವತನಿದ್ದ ಹಾಗೆ. ಎಲ್ಲ ವೇಷಗಳನ್ನೂ ಕುಣಿಸುವವನು ಅವನೇ.

ಐದನೇ ಲೆವೆಲ್‌ವರೆಗೆ ನನಗೇನೂ ತಕರಾರಿರಲಿಲ್ಲ. ಆ ಲೆವೆಲ್ಲಿಗೆ ಬಂದರೆ ಫೈಟರ್ ಒಂದು ಸರದಿಗೆ ಎರಡು ಸಲ ಕತ್ತಿ ಬೀಸಬಹುದು. ಬೀಗಿದೆ. ಅದೇ ದಿನ ವಿಝರ್ಡ್‌ಗೆ ಫೈರ್‌ಬಾಲ್ ಮಂತ್ರ ಸಿಕ್ಕಿತು. ಆರು ಮುಖದ ಎಂಟು ದಾಳಗಳನ್ನು ಆ ಹುಡುಗ ಬೊಗಸೆಯಲ್ಲಿ ತುಂಬಿಕೊಂಡು, ಚುರುಮುರಿಯವನಂತೆ ಕುಲುಕಿ ಚೆಲ್ಲಿದ. 20 ಅಡಿ ಸುತ್ತಿನೊಳಗಿದ್ದ ಒಂಬತ್ತು ಗಾಬ್ಲಿನ್‌ಗಳು ಬೂದಿಯಾದವು. ಹತ್ತನೆಯದು ಮೂತ್ರಕ್ಕೆಂದು ಹೊರಗೆ ಹೋಗಿತ್ತು. ದೊಡ್ಡ ಮನಸ್ಸು ಮಾಡಿ ಅದನ್ನು ನನಗೆ ಬಿಟ್ಟರು. ನನ್ನ ಎರಡು ಏಟೂ ತಪ್ಪಿದವು.

“ಇದ್ಯಾವ ನ್ಯಾಯವೋ?” ಅಂದೆ.

“ಫೈರ್‌ಬಾಲ್ ದಿನಕ್ಕೆ ಎರಡೋ ಮೂರೋ ಸಲ ಅಷ್ಟೇ ಮಾವ. ನಿನ್ನ ಕತ್ತಿಗೆ ಲೆಕ್ಕವೇ ಇಲ್ಲ.”

ಕಾಗದದ ಮೇಲೆ ಸರಿಯಾಗಿಯೇ ಇದೆ. 2014ರ ಡಂಜನ್ ಮಾಸ್ಟರ್ಸ್ ಗೈಡ್ ಪುಸ್ತಕ ಆಟದೊಳಗಿನ ಒಂದು ದಿನಕ್ಕೆ ಆರರಿಂದ ಎಂಟು ಕಾಳಗ ಎಂದು ಅಂದಾಜು ಹಾಕಿದೆ. ಅಷ್ಟು ಕಾಳಗವಾದರೆ ವಿಝರ್ಡ್ ಜಿಪುಣನಾಗಲೇಬೇಕು, ಫೈಟರ್ ಮಿಂಚಲೇಬೇಕು. ಆದರೆ ಭಾನುವಾರ ಊಟ ಮುಗಿಸಿ ಕೂತರೆ ನಮಗೆ ಒಂದು ಕಾಳಗ ಮುಗಿಯುವ ಹೊತ್ತಿಗೆ ಕಾಫಿ ಬಂದಿರುತ್ತದೆ. ಮಂತ್ರ ಖಾಲಿಯಾದ ಕೂಡಲೇ ಆ ಹುಡುಗ “ಮಲಗೋಣ” ಅನ್ನುತ್ತಾನೆ. ಎಂಟು ಗಂಟೆ ವಿಶ್ರಾಂತಿ ತೆಗೆದುಕೊಂಡರೆ ಮಂತ್ರಗಳೆಲ್ಲ ವಾಪಸ್ಸು. 24 ಗಂಟೆಯಲ್ಲಿ ಒಂದೇ ಸಲ ಅದರ ಫಲ ಎಂಬ ನಿಯಮ ತೋರಿಸಿದೆ. “ಸರಿ, ನಾಳೆವರೆಗೆ ಕಾಯೋಣ” ಅಂದ. ಗುಹೆಯೊಳಗೆ ಒತ್ತೆಯಲ್ಲಿದ್ದ ರಾಜಕುಮಾರಿಯೂ ಕಾದಳು.

ಹಿಂದೆ ಹೀಗಿರಲಿಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಈ ಆಟ ಹೊರತಂದಾಗ ಇದ್ದದ್ದು ಮೂರೇ ಬಗೆಯ ಪಾತ್ರ. ಆರ್ನೆಸನ್ ಆಡಿಸುತ್ತಿದ್ದ ಕಡೆ ಒಬ್ಬ ರಕ್ತಪಿಶಾಚಿಯಾಗಿ ಮೆರೆಯುತ್ತಿದ್ದನಂತೆ. ಅವನ ಮದ ಇಳಿಸಲೆಂದೇ ಕ್ಲೆರಿಕ್ ಹುಟ್ಟಿತಂತೆ. 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಮೊದಲ ಲೆವೆಲ್ಲಿನ ಮಾಂತ್ರಿಕನ ಪ್ರಾಣ ನಾಲ್ಕು ಮುಖದ ಒಂದು ದಾಳದಷ್ಟು. ಒಂದು ಬಿತ್ತೋ, ಬೆಕ್ಕು ಪರಚಿದರೂ ಕೈಲಾಸ. ಇದ್ದ ಮಂತ್ರವೂ ದಿನಕ್ಕೊಂದೇ, ಕರ್ಣನ ಶಕ್ತ್ಯಾಯುಧದ ಹಾಗೆ. ಎರಡನೇ ಲೆವೆಲ್ ಮುಟ್ಟಲು ಕಳ್ಳನ ಪಾತ್ರಕ್ಕೆ 1,251 ಅನುಭವದ ಅಂಕ ಸಾಕು, ಮಾಂತ್ರಿಕನಿಗೆ 2,501 ಬೇಕು. ಮುಂದೆ ಉಂಡಾನು, ಈಗ ಉಪವಾಸವಿರಲಿ ಎಂಬ ಲೆಕ್ಕ. 2008ರ ನಾಲ್ಕನೇ ಆವೃತ್ತಿಯಲ್ಲಿ ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕಿದರು. ನ್ಯಾಯ ಸಿಕ್ಕಿತು, ಎಲ್ಲರೂ ಒಂದೇ ಥರ ಕಾಣುತ್ತಾರೆ ಎಂಬ ಗೊಣಗಾಟವೂ ಶುರುವಾಯಿತು. ನನ್ನ ಓಟು ಮಾತ್ರ ಆ ಬೆಕ್ಕಿಗೆ.

ಬೆಕ್ಕು ಸಿಗದ ಕಾರಣ ನಾನೇ ಹೊಸ ಪಾತ್ರವೊಂದನ್ನು ಕಟ್ಟಿದೆ: ಅಡುಗೆ ಭಟ್ಟ. ಒಂದು ಸೌಟು ಸಾರು ಕುಡಿದವರಿಗೆ ಎಂಟು ಮುಖದ ದಾಳದಲ್ಲಿ ಬಿದ್ದಷ್ಟು ಪ್ರಾಣ ವಾಪಸ್ಸು. ಎಷ್ಟು ಸೌಟೆಂದು ಬರೆಯಲಿಲ್ಲ. ಬಡಿಸುವವನು ಲೆಕ್ಕ ಇಡಬಾರದು. ಮೊದಲ ದಿನವೇ ಕ್ಲೆರಿಕ್ ಹುಡುಗಿ ಪೆನ್ಸಿಲ್ ಕೆಳಗಿಟ್ಟು, “ಅಂಕಲ್, ನಾನಿನ್ನು ಮನೆಗೆ ಹೋಗಲಾ?” ಅಂದಳು. ನಾಚಿಕೆಯಾಗಿ ದಿನಕ್ಕೊಂದೇ ಸೌಟು ಅಂತ ತಿದ್ದಿದೆ. ಆಗ ನನಗೇ ಕೆಲಸವಿಲ್ಲ. ಕೊನೆಗೆ, ಒಲೆ ಹೊತ್ತಿಸಿ ಒಂದು ಗಂಟೆ ಕುದಿಸಲೇಬೇಕು ಎಂದು ಬರೆದೆ. ಫೈಟರ್ ದಣಿವಾರಿಸಿಕೊಳ್ಳುವುದಕ್ಕೂ ಒಂದೇ ಗಂಟೆ ಸಾಕು, ವಿಝರ್ಡ್‌ಗೆ ಆ ಗಂಟೆ ಸಾಲದು. ಸೇಡು ತೀರಿತು.

ಆದರೆ ನಾನು ಭಟ್ಟನಾದ ಮೇಲೆ ಫೈಟರ್ ಯಾರು? ಕೋಡುಬಳೆ ತಟ್ಟೆ ಇಡಲು ಬಂದ ಅಕ್ಕನ ಕೈಗೆ ದಾಳ ಕೊಟ್ಟೆವು. ಎದುರಿಗೆ ಟ್ರೋಲ್. ವಿಝರ್ಡ್ ಬಳಿ ಮಂತ್ರವಿಲ್ಲ, ನನ್ನ ಸಾರು ಇನ್ನೂ ಕುದಿಯುತ್ತಿದೆ. ಅಕ್ಕ ಎಣ್ಣೆ ಕೈಯಲ್ಲೇ ಇಪ್ಪತ್ತು ಮುಖದ ದಾಳ ಉರುಳಿಸಿದಳು. ಅದು ಮೇಜಿನ ಅಂಚಿನವರೆಗೂ ಹೋಗಿ ನಿಂತಿತು.

“ಇಪ್ಪತ್ತು ಬಿತ್ತಲ್ಲೋ, ಕಮ್ಮಿಯಾಯ್ತಾ?”

ಹುಡುಗರು ಮೂವರೂ ಎದ್ದು ನಿಂತು ಕೂಗಿಕೊಂಡರು. ನಾನಿನ್ನೂ ಒಗ್ಗರಣೆ ಹಾಕುತ್ತಿದ್ದೆ.