ಪಕ್ಕವಾದ್ಯದವರು

ರಾಮನವಮಿ ಪೆಂಡಾಲಿನಲ್ಲಾದರೆ ಕಾರ್ಯದರ್ಶಿಗಳು ಮೊದಲೇ ಮೈಕು ಹಿಡಿದು, ಪಿಟೀಲಿನಲ್ಲಿ ಇಂಥ ವಿದ್ವಾನ್, ಮೃದಂಗದಲ್ಲಿ ಇಂಥವರು ಎಂದು ಗುರುಪರಂಪರೆ ಸಮೇತ ಒಪ್ಪಿಸಿ, ಆಮೇಲಷ್ಟೇ ವರ್ಣಕ್ಕೆ ದಾರಿ ಬಿಡುತ್ತಾರೆ. ರಾಕ್ ಬ್ಯಾಂಡಿನವರದು ತಿರುಗುಮುರುಗು ಶಾಸ್ತ್ರ. ಎಲ್ಲ ಮುಗಿಯುವ ಹೊತ್ತಿಗೆ ಪರಿಚಯ. ಅದೂ ಹೇಗೆ? "ಆನ್ ಡ್ರಮ್ಸ್..." ಎಂದು ಹೆಸರು ಹೇಳುವ ಸರಿಯಾದ ಗಳಿಗೆಗೆ ಆ ಪುಣ್ಯಾತ್ಮ ಎರಡೂ ಕೋಲಿನಲ್ಲಿ ಬಡಿಯುತ್ತಾನೆ, ಹುಡುಗರು ಹೋ ಎನ್ನುತ್ತಾರೆ, ಹೆಸರು ಗಾಳಿಪಾಲು.

ಬೆಂಗಳೂರಿನ ಸ್ವರಾತ್ಮ ತಂಡವನ್ನು ನಾನು ಮೊದಲು ಕೇಳಿದ್ದು ಹಾಗೆಯೇ. ಅಕ್ಕನ ಮಗಳು ಎಳೆದುಕೊಂಡು ಹೋಗಿ, ಚೆನ್ನಾಗಿ ಕೇಳಿಸಲಿ ಅಂತ ಸ್ಪೀಕರಿನ ಮಗ್ಗುಲಲ್ಲೇ ನಿಲ್ಲಿಸಿದಳು. ಮನೆಗೆ ಬಂದಾಗ ಚಿಕ್ಕಮ್ಮ "ಊಟ ಆಯ್ತೇನೋ?" ಅಂದರೆ "ಆಟೋದಲ್ಲಿ" ಅಂದೆನಂತೆ. ಕಿವಿ ತಿಳಿಯಾದ ಮೇಲೆ ಅವರ ವಿಚಾರಣೆ ಶುರುವಾಯಿತು. ಯಾರು ಹಾಡಿದ್ದು? ಯಾವ ಊರು? ಯಾರ ಪೈಕಿ? ನನಗೆ ಗೊತ್ತಿದ್ದದ್ದು ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ವೇದಿಕೆ ತುಂಬ ಕುಣಿಯುತ್ತ ಹಾಡುವವರೊಬ್ಬರ ವಿಷಯ ಮಾತ್ರ. ಮಿಕ್ಕದ್ದನ್ನು ಅಕ್ಕನ ಮಗಳೇ ತುಂಬಿಕೊಟ್ಟಳು.

ಹಾಡುವವರು ವಾಸು ದೀಕ್ಷಿತ್, ಮೈಸೂರಿನವರು, ತಂಡ ಕಟ್ಟಿದ್ದು 2002ರಲ್ಲಿ. ಚಿಕ್ಕಮ್ಮನ ಮುಖದಲ್ಲಿ ಏನೂ ಕದಲಲಿಲ್ಲ. "ರಘು ದೀಕ್ಷಿತ್ ತಮ್ಮ" ಎಂದೊಡನೆ ಕುರ್ಚಿ ಹತ್ತಿರಕ್ಕೆ ಬಂತು. "ಮೊದಲೇ ಹೇಳಬಾರದಿತ್ತೇ! ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ಶರೀಫರ ಪದ ಹಾಡ್ತಾನಲ್ಲ, ಅವನ ತಮ್ಮನಾ?" ಶರೀಫರ ಪದ ಅಶ್ವಥ್ ಹಾಡಿದ ಮೇಲೆ ಮತ್ತೊಬ್ಬರು ಹಾಡಬೇಕಾಗಿರಲಿಲ್ಲ ಎಂಬುದು ಅವರ ಖಚಿತ ಮತ. ಆದರೆ ಆ ರಘು ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ ಪಡೆದವರು, ಭರತನಾಟ್ಯವನ್ನೂ ಕಲಿತವರು ಎಂದು ತಿಳಿದ ಮೇಲೆ ಗಿಟಾರು ಹಿಡಿದದ್ದಕ್ಕೆ ಕ್ಷಮಾದಾನ ಸಿಕ್ಕಿತು. ಅಣ್ಣನ ಪದಕದ ಪ್ರಭೆ ತಮ್ಮನ ಕುದುರೆಯ ಮೇಲೂ ಬಿತ್ತು.

ತೊಂದರೆಯಾದದ್ದು ಕಾವೇರಿಯಿಂದ. ಚಿಕ್ಕಮ್ಮನ ತವರು ಮಂಡ್ಯ. 2009ರಲ್ಲಿ ಬಂದ ಮೊದಲ ಆಲ್ಬಮಿನಲ್ಲಿ 'ಪ್ಯಾಸಿ' ಅಂತ ಒಂದು ಹಾಡಿದೆ, ಕಾವೇರಿ ಜಗಳದ ಬಗ್ಗೆ, ಹಿಂದಿಯಲ್ಲಿ ಎಂದೆ. "ಕಾವೇರಿಗೆ ಹಿಂದಿ ಬರುತ್ತಾ?" ಎಂದರು. ಅದೇ ಆಲ್ಬಮಿನ 'ಈ ಭೂಮಿ' ಕನ್ನಡದ್ದು ಎಂದು ತೋರಿಸಿ ಗಡಿ ವಿವಾದವನ್ನು ಹೇಗೋ ತಣ್ಣಗಾಗಿಸಿದೆ. 2012ರ 'ಟೋಪಿವಾಲೆ' ರಾಜಕಾರಣಿಗಳನ್ನು ಗೇಲಿ ಮಾಡುವ ಹಾಡು. ಅದಕ್ಕೆ ಯಾವ ಭಾಷೆಯೆಂದು ಅವರು ಕೇಳಲಿಲ್ಲ.

ಲೀಡ್ ಗಿಟಾರು ವರುಣ್ ಮುರಳಿ. ಬೆರಳು ಅಷ್ಟು ಚುರುಕಾಗಿ ಓಡುವವರ ಬಗ್ಗೆ ನಾನು ನಿಧಾನವಾಗಿ ಹೇಳುವುದೇನಿದೆ? ಪಿಟೀಲು ಸಂಜೀವ್ ನಾಯಕ್. "ಪಿಟೀಲಿದೆಯಾ? ಹಾಗಾದರೆ ಪರವಾಗಿಲ್ಲ." ಇಷ್ಟೆಲ್ಲ ಆಗಿ ನನಗೆ ಮೆಚ್ಚುಗೆಯಾದವರು ಬೇಸ್ ಗಿಟಾರಿನ ಜಿಷ್ಣು ದಾಸ್‌ಗುಪ್ತ. ಬೇಸ್ ನುಡಿಸುವವರು ಮದುವೆಮನೆಯ ಅಡುಗೆಭಟ್ಟರಿದ್ದ ಹಾಗೆ. ಯಾರೂ ಮುಖ ನೋಡುವುದಿಲ್ಲ, ಫೋಟೋಕ್ಕೆ ಕರೆಯುವುದಿಲ್ಲ. ಅವರು ಒಂದು ಗಳಿಗೆ ಕೈ ಬಿಟ್ಟರೆ ಮಾತ್ರ ಇಡೀ ಪಂಕ್ತಿ ತಲೆಯೆತ್ತಿ ಸುತ್ತ ನೋಡುತ್ತದೆ. ಅಂದು ರಾತ್ರಿ ನನ್ನ ಎದೆಗೂಡಿನೊಳಗೆ ಗುಂಯ್ ಎಂದದ್ದು ಅವರದೇ ಕೈಚಳಕ ಎಂದು ಈಗ ತಿಳಿಯಿತು.

ಬಡಿಯುವವರು ಇಬ್ಬರು. "ಒಬ್ಬ ಸಾಲದೇ?" ಎಂಬ ಪ್ರಶ್ನೆಗೆ, ಮೃದಂಗದ ಜೊತೆ ಘಟ ಇರುವುದಿಲ್ಲವೇ ಎಂದು ನಾನೇ ಸವಾಲು ಹಾಕಿದೆ. ತಾಳವಾದ್ಯಕ್ಕೆ ಪವನ್ ಕುಮಾರ್, ಡ್ರಮ್ಸಿಗೆ ಆಗ ಇದ್ದವರು ಮಾಂಟ್ರಿ ಮ್ಯಾನುಯೆಲ್. ಈ ಮಾಂಟ್ರಿ ಆಮೇಲೆ 'ತಾಳವಟ್ಟಂ' ಅಂತ ಒಬ್ಬರೇ ನಡೆಸುವ ಕಾರ್ಯಕ್ರಮ ಕಟ್ಟಿದರು. ವಾದ್ಯಗಳೆಲ್ಲ ಜನ ಎಸೆದ ಸಾಮಾನಿನಿಂದ ಮಾಡಿದವು, ಪೈಪು, ಡಬ್ಬ, ಡ್ರಮ್ಮು. ಈ ಸುದ್ದಿ ಹೇಳಬಾರದಿತ್ತೇನೋ. ಚಿಕ್ಕಮ್ಮ ಯಾವ ಹಳೇ ಡಬ್ಬವನ್ನೂ ಎಸೆದವರಲ್ಲ. ಅಟ್ಟದ ತುಂಬ ಅವರ ಸಂಸಾರವಿದೆ. ನಾನು ಅದನ್ನು ಗುಜರಿಯವನಿಗೆ ಹಾಕೋಣ ಎಂದು ಪ್ರತಿ ಯುಗಾದಿಗೂ ಗೊಣಗುತ್ತೇನೆ.

"ನೋಡಿದೆಯಾ," ಎಂದರು, "ಯಾರಿಗೆ ಯಾವಾಗ ಬೇಕಾಗುತ್ತೋ! ಆ ಹುಡುಗನ ವಿಳಾಸ ಗೊತ್ತಾ?"