ಅಣ್ಣನ ಗಿಟಾರು, ತಮ್ಮನ ಡ್ರಮ್ಮು

ಏನು ರಾಯರೇ, ನಿನ್ನೆ ಸಂಜೆ ನಮ್ಮನೆ ಸದ್ದಿಗೆ ಪಟಾರನೆ ಕಿಟಕಿ ಹಾಕಿಕೊಂಡಿರಿ? ಅದು ವ್ಯಾನ್ ಹೇಲನ್ ಸ್ವಾಮಿ, ಕ್ಯಾಲಿಫೋರ್ನಿಯಾದ ಹಾರ್ಡ್ ರಾಕ್ ತಂಡ. ಗಲಾಟೆ ಅಂತೀರಾ? ಗಲಾಟೆಯೇ, ಇಲ್ಲ ಅನ್ನೋಲ್ಲ. ಆದರೆ ಮನೆತನದಿಂದ ಬಂದ ಗಲಾಟೆ!

ತಂಡ ಕಟ್ಟಿದ ಅಣ್ಣತಮ್ಮಂದಿರ ಅಪ್ಪ ಯಾನ್ ವ್ಯಾನ್ ಹೇಲನ್ ಡಚ್ಚರು, ಕ್ಲಾರಿನೆಟ್ ವಿದ್ವಾಂಸರು. ತಾಯಿ ಜಾವಾ ಕಡೆಯವರು. 1962ರಲ್ಲಿ ಇಬ್ಬರು ಗಂಡುಮಕ್ಕಳನ್ನೂ ಒಂದು ಪಿಯಾನೊವನ್ನೂ ಕಟ್ಟಿಕೊಂಡು ಅಮೆರಿಕಕ್ಕೆ ಹಡಗು ಹತ್ತಿ ಪ್ಯಾಸಡೀನಾ ಸೇರಿದರು. ಅಪ್ಪ ಕಸ ಗುಡಿಸಿದರು, ಮದುವೆಮನೆಗಳಲ್ಲಿ ಊದಿದರು, ಸಂಸಾರ ನಡೆಸಿದರು. ಮಕ್ಕಳಿಗೆ ಪಿಯಾನೊ ಪಾಠ ಮಾತ್ರ ತಪ್ಪಿಸಲಿಲ್ಲ. ಕಿರಿಯವನಾದ ಎಡ್ಡಿಗೆ ಸ್ವರಲಿಪಿ ಓದೋಕೇ ಬಾರದು. ಮೇಷ್ಟ್ರ ಬೆರಳು ನೋಡಿಕೊಂಡು, ಕಿವಿಯಲ್ಲೇ ಹಿಡಿದು ನುಡಿಸಿ ಸ್ಪರ್ಧೆಯಲ್ಲಿ ಬಹುಮಾನ ಹೊಡೆಯುತ್ತಿದ್ದ. ಕೇಳ್ಮೆ ದೊಡ್ಡದು ಅಂತ ನೀವೇ ಹೇಳ್ತಿರ್ತೀರಲ್ಲ!

ಆಮೇಲೆ ಎಡ್ಡಿ ಡ್ರಮ್ಮು ಇಟ್ಟುಕೊಂಡ, ಅಣ್ಣ ಅಲೆಕ್ಸ್ ಗಿಟಾರು ಹಿಡಿದ. ಡ್ರಮ್ಮಿನ ದುಡ್ಡು ತೀರಿಸಬೇಕಲ್ಲ, ತಮ್ಮ ಮನೆಮನೆಗೆ ಪೇಪರ್ ಹಾಕೋಕೆ ಹೋಗುತ್ತಿದ್ದ. ಅವನು ಆ ಕಡೆ ಹೋದದ್ದೇ ತಡ, ಅಣ್ಣ ಈ ಕಡೆ ಡ್ರಮ್ಮಿನ ಮುಂದೆ ಹಾಜರು. ನೋಡನೋಡುತ್ತಾ ಅಣ್ಣನ ಕೈಯೇ ಪಳಗಿಬಿಟ್ಟಿತು. ಎಡ್ಡಿಗೆ ಸಿಟ್ಟು ಬಂತು. "ಡ್ರಮ್ಮು ನೀನೇ ಇಟ್ಕೋ" ಅಂತ ಅಣ್ಣನ ಗಿಟಾರು ಎತ್ತಿಕೊಂಡ. ಆ ಸಿಟ್ಟಿಗೆ ನಾವೆಲ್ಲ ಋಣಿಗಳು.

ತಂಡದ 1978ರ ಮೊದಲ ಆಲ್ಬಮ್‌ನಲ್ಲಿ "ಇರಪ್ಷನ್" ಅಂತ ಒಂದಿದೆ. ಎರಡು ನಿಮಿಷವೂ ಇಲ್ಲ, ಹೆಚ್ಚೂಕಡಿಮೆ ಬರೀ ಗಿಟಾರು. ಸ್ಟುಡಿಯೊದಲ್ಲಿ ಎಡ್ಡಿ ಸುಮ್ಮನೆ ಕೈ ಪಳಗಿಸಿಕೊಳ್ಳುತ್ತಿದ್ದದ್ದು ಕಿವಿಗೆ ಬಿದ್ದು, ಹಿಡಿದು ರೆಕಾರ್ಡ್ ಮಾಡಿದರು. ಎಡಗೈ ಓಡಾಡುವ ಜಾಗಕ್ಕೆ ಬಲಗೈ ಬೆರಳೂ ಬಂದು ತಂತಿಯನ್ನು ಕುಟ್ಟುತ್ತದೆ. ಒಬ್ಬನೇ ನುಡಿಸುತ್ತಿದ್ದರೂ ಇಬ್ಬರು ಅನ್ನಿಸುತ್ತದೆ. ಹಾಗೆ ನುಡಿಸಿದವರಲ್ಲಿ ಅವನೇ ಮೊದಲಿಗನೇನೂ ಅಲ್ಲ, ಆದರೆ ಊರೆಲ್ಲ ಕಲಿತದ್ದು ಅವನನ್ನು ಕೇಳಿ. ಆ ಗಿಟಾರಾದರೂ ಎಂಥದ್ದು? 50 ಡಾಲರಿನ ಒಡಲು, 80 ಡಾಲರಿನ ಕತ್ತು, ಮೇಲೆ ಸೈಕಲ್ಲಿಗೆ ಹೊಡೆಯುವ ಬಣ್ಣ. ಮನೆಯಲ್ಲೇ ಜೋಡಿಸಿಕೊಂಡದ್ದು!

ಸಂಕೋಚದ ಮನುಷ್ಯ, ದಾಕ್ಷಿಣ್ಯ ಜಾಸ್ತಿ. 1982ರಲ್ಲಿ ಮೈಕೇಲ್ ಜಾಕ್ಸನ್ನರ "ಬೀಟ್ ಇಟ್" ಹಾಡಿಗೆ ಗಿಟಾರು ನುಡಿಸಿಕೊಟ್ಟು, ಒಂದು ಕಾಸೂ ಮುಟ್ಟದೆ ಬಂದ. ಪುಣ್ಯದ ಕೆಲಸ ಅಂತೀರಾ? ತಡೀರಿ. 1984ರಲ್ಲಿ ಇವರದೇ "1984" ಆಲ್ಬಮ್ ಬಂತು. ಅದರ "ಜಂಪ್" ಹಾಡು ಅಮೆರಿಕದ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೇರಿತು, ಅದೂ ಗಿಟಾರಿಗಿಂತ ಕೀಬೋರ್ಡು ಮುಂದಿರುವ ಹಾಡು. ಆದರೆ ಆಲ್ಬಮ್ ಮಾತ್ರ ಎರಡನೇ ಸ್ಥಾನ ದಾಟಲೇ ಇಲ್ಲ. ಮೇಲೆ ಕೂತಿದ್ದು ಯಾವುದು ಹೇಳಿ? ಜಾಕ್ಸನ್ನರ "ಥ್ರಿಲ್ಲರ್", ಅಂದರೆ "ಬೀಟ್ ಇಟ್" ಇರುವ ಅದೇ ಆಲ್ಬಮ್ಮು!

ಗಾಯಕ ಡೇವಿಡ್ ಲೀ ರಾತ್ ಇದ್ದಾರಲ್ಲ, ವೇದಿಕೆ ಮೇಲೆ ಎಗರೋದೇ ಎಗರೋದು. 1985ರಲ್ಲಿ ಅವರು ಹೊರಗೆ, ಸ್ಯಾಮಿ ಹೇಗರ್ ಒಳಗೆ. ಮುಗೀತು ಕಥೆ ಅಂದುಕೊಂಡವರ ಬಾಯಿ ಮುಚ್ಚಿಸಿ, ಮರುವರ್ಷದ "5150" ಆಲ್ಬಮ್ ಮೊದಲ ಸ್ಥಾನಕ್ಕೇ ಹೋಯಿತು. ಹಾಡುವವರು ಬರುತ್ತಾರೆ, ಹೋಗುತ್ತಾರೆ, ಮನೆಯವರು ಮಾತ್ರ ಕದಲುವುದಿಲ್ಲ. "ಡೈವರ್ ಡೌನ್" ಆಲ್ಬಮ್‌ನ ಒಂದು ಹಾಡಿಗೆ ಅಪ್ಪನನ್ನೇ ಕರೆದು ಕ್ಲಾರಿನೆಟ್ ಊದಿಸಿದ್ದರು. ಮುಂದೆ ಎಡ್ಡಿಯ ಮಗ ವುಲ್ಫ್‌ಗ್ಯಾಂಗ್ ಹದಿಹರೆಯದಲ್ಲೇ ಬೇಸ್ ಗಿಟಾರಿಗೆ ಬಂದ. ಮೊದಲ ಆಲ್ಬಮ್ಮಿನಿಂದಲೂ ಬೇಸ್ ಹಿಡಿದಿದ್ದ ಮೈಕೇಲ್ ಆಂಥನಿಗೆ ಜಾಗ ಹೋಯಿತು. ಮನೆಮಗ ಬಂದ ಮೇಲೆ ಕೇಳಬೇಕೇ? 2020ರಲ್ಲಿ ಎಡ್ಡಿ ತೀರಿಕೊಂಡ, ಅಲ್ಲಿಗೆ ತಂಡವೂ ಮುಗೀತು.

ಏನಂದಿರಿ? ಆ ಡ್ರಮ್ಮಿನ ದುಡ್ಡು ಅಣ್ಣ ವಾಪಸ್ ಕೊಟ್ಟನೇ ಅಂತಲಾ? ಬ್ಯಾಂಕಿನಲ್ಲಿ ಸವೆದ ಜೀವ ನಿಮ್ಮದು, ಬೇರೇನು ಕೇಳ್ತೀರಿ! ಕೊಡಲಿಲ್ಲ ಅಂತಲೇ ಇಟ್ಟುಕೊಳ್ಳಿ. ಬಡ್ಡಿ ಲೆಕ್ಕಕ್ಕೆ ಗಿಟಾರು ಬಂತಲ್ಲ!